ಪುಡಿಕೆ ಕಟ್ಟುವ ಕೈ

ನಮ್ಮ ಕಡೆ ಯಾವುದೇ ಮುಖ್ಯ ಕೆಲಸಕ್ಕೆ ಹೊರಟವರು ತಲೆಗೆ ಎಣ್ಣೆ ಹಚ್ಚಿ, ನೀಟಾಗಿ ಬಾಚಿಕೊಂಡೇ ಮನೆ ಬಿಡುತ್ತಾರೆ. ಕೋರ್ಟಿಗಿರಲಿ, ಹೆಣ್ಣು ನೋಡಲಿಕ್ಕಿರಲಿ, ದವಾಖಾನೆಗಿರಲಿ, ಒಣ ತಲೆಯಲ್ಲಿ ಹೋಗುವುದೆಂದರೆ ಮನೆಯಲ್ಲಿ ಏನೋ ಕೆಟ್ಟದ್ದು ನಡೆದಿದೆ ಎಂದೇ ಲೆಕ್ಕ. ನನ್ನ ಕೆಲಸಕ್ಕೆ ಈ ಎಣ್ಣೆಯೇ ದೊಡ್ಡ ವೈರಿ. ನಾನು ಇಇಜಿ ತೆಗೆಯುವವಳು. ತಲೆಯ ಮೇಲೆ ಅಲ್ಲಲ್ಲಿ ಸಣ್ಣ ಬಿಲ್ಲೆಗಳನ್ನು ಅಂಟಿಸಿ, ಮಿದುಳಿನಲ್ಲಿ ಏಳುವ ವಿದ್ಯುತ್ತಿನ ಅಲೆಗಳನ್ನು ಉದ್ದನೆಯ ಕಾಗದದ ಮೇಲೆ ಬರೆಸುತ್ತೇನೆ. ಎಣ್ಣೆ ಇದ್ದರೆ ಬಿಲ್ಲೆ ನಿಲ್ಲುವುದಿಲ್ಲ. ಎಷ್ಟು ಸಲ ಹೇಳಿ ಕಳಿಸಿದರೂ ಜನ ತಲೆಯಿಂದ ಎಣ್ಣೆ ಇಳಿಯುವಂತೆ ಬರುತ್ತಿದ್ದರು. ನಾನು ಬೈಯುತ್ತಿದ್ದೆ. ಬೈಯುವುದರಲ್ಲಿ ನನಗೆ ಮೊದಲಿನಿಂದಲೂ ಒಳ್ಳೆಯ ಹೆಸರಿದೆ.

ಹಾಗೆ ಎಣ್ಣೆ ಹಚ್ಚಿಕೊಂಡು ಬಂದು ನನ್ನಿಂದ ಬೈಸಿಕೊಂಡವರಲ್ಲಿ ಮೊದಲಿಗರು ನಮ್ಮ ದವಾಖಾನೆಯ ಕಂಪೌಂಡರು. ಯಂತ್ರ ರೋಣಕ್ಕೆ ಬಂದ ದಿನ ಜನ ಹೆದರಿ ಬಾಗಿಲಾಚೆ ನಿಂತಿದ್ದರು. ಮೂರ್ಛೆ ಬರುವ ಮಕ್ಕಳನ್ನು ಕರೆತಂದಿದ್ದ ತಾಯಂದಿರು, ತಲೆಗೆ ಕರೆಂಟು ಕೊಡುತ್ತಾರಂತೆ ಎಂದು ಗುಸುಗುಸು ಮಾತಾಡುತ್ತಿದ್ದರು. ಇವರು ಎಲ್ಲರನ್ನೂ ದಾಟಿ ಬಂದು, "ಮೊದಲ ನನ್ನ ತಲಿ ನೋಡು ಬೇಟಾ, ಅವ್ರು ನೋಡ್ಲಿ," ಎಂದು ಕುರ್ಚಿಯಲ್ಲಿ ಕೂತರು. ಬಿಳಿ ಟೋಪಿ ತೆಗೆದರೆ ಒಳಗೆ ಎಣ್ಣೆ ಹೊಳೆಯುತ್ತಿತ್ತು.

"ಚಾಚಾ, ಎಣ್ಣಿ ಯಾಕ ಹಚ್ಚಿಕೊಂಡ್ರಿ? ಹಚ್ಚಬ್ಯಾಡ್ರಿ ಅಂತ ನಾಲ್ಕು ಸಲ ಹೇಳೀನಿ."

"ಹೊಸ ಮಶೀನಿನ ಮುಂದ ಹ್ಯಾಂಗ ಕುಂಡ್ರೋದವಾ, ಒಣಾ ತಲೀಲೆ?"

ಹಿತ್ತಲಿನ ತೊಟ್ಟಿಗೆ ಕಳಿಸಿ ಸಾಬೂನು ಹಾಕಿ ತೊಳೆಸಿದೆ. ಕೂದಲು ಒಣಗಿಸಿಕೊಂಡು ಬಂದು ಕೂತರು. ಬಿಲ್ಲೆ ಅಂಟಿಸುತ್ತಿರುವಾಗ, "ನಾ ಏನ್ ವಿಚಾರ ಮಾಡಾಕತ್ತೀನಿ ಅನ್ನೋದು ಈ ಕಾಗದದಾಗ ಬರ್ತೈತೇನು?" ಎಂದು ಕೇಳಿದರು. ಬರುವುದಿಲ್ಲ ಎಂದೆ. "ಹಂಗಾರ ಬಚಾವಾದೆ," ಎಂದು ನಕ್ಕು ಕಣ್ಣು ಮುಚ್ಚಿದರು. ಬಾಗಿಲಲ್ಲಿದ್ದವರೂ ನಕ್ಕರು. ಆಮೇಲೆ ಯಾವ ಮಗುವೂ ಆ ಕುರ್ಚಿಗೆ ಹೆದರಲಿಲ್ಲ.

ಅವರನ್ನು ನಾನು ಅದಕ್ಕೂ ಮುಂಚಿನಿಂದ ಬಲ್ಲೆ. ನಮ್ಮೂರು ಹೊಳೆಆಲೂರು. ಪಿಯುಸಿ ಮುಗಿಸಿ ಎರಡು ವರ್ಷ ರೋಣದ ಆ ಹಳೆಯ ದವಾಖಾನೆಯಲ್ಲಿ ಅವರ ಕೈಕೆಳಗೆ ಕೆಲಸ ಮಾಡಿದ್ದೆ. ಆಮೇಲೆ ಹುಬ್ಬಳ್ಳಿಗೆ ಹೋಗಿ ಈ ಯಂತ್ರದ ಕೆಲಸ ಕಲಿತೆ. ಅಲ್ಲಿಯ ನರರೋಗದ ಡಾಕ್ಟರೊಬ್ಬರು ಹಳೆಯ ಯಂತ್ರವೊಂದನ್ನು ಕೊಂಡು, ವಾರದಲ್ಲಿ ಒಂದೊಂದು ದಿನ ರೋಣ, ನರಗುಂದ, ಗಜೇಂದ್ರಗಡಕ್ಕೆ ಬರಲು ಶುರುಮಾಡಿದಾಗ ನಾನೂ ಅವರ ಜೊತೆ ತಿರುಗಿ ಬಂದೆ. ಮೂರೂ ಊರಲ್ಲಿ ನಮಗೆ ಜಾಗ ಕೊಟ್ಟವರು ರೋಣದ ದವಾಖಾನೆಯ ನಮ್ಮ ಹಳೆಯ ಡಾಕ್ಟರೇ. ಅವರಿಗೂ ಮೂರೂ ಕಡೆ ರೋಗಿಗಳಿದ್ದರು. ಅವರು ಹೋದಲ್ಲೆಲ್ಲ ಕಂಪೌಂಡರು ಹೋಗುತ್ತಿದ್ದರು. ಗಜೇಂದ್ರಗಡದಲ್ಲಿ ಪಕ್ಕದ ಮನೆಯ ಪವರ್‌ಲೂಮು ಓಡುತ್ತಿದ್ದರೆ ನನ್ನ ಕಾಗದದ ತುಂಬ ಅದರದೇ ಗದ್ದಲ ಮೂಡುತ್ತಿತ್ತು. ನಾನು ಹೋಗಿ ಕೇಳಿದರೆ ನಿಲ್ಲಿಸುತ್ತಿರಲಿಲ್ಲ. ಚಾಚಾ ಹೋಗಿ ಬಾಗಿಲಲ್ಲಿ ನಿಂತು ಸಲಾಮು ಹೇಳಿದರೆ ಸಾಕು, ಇಪ್ಪತ್ತು ನಿಮಿಷ ಮಗ್ಗ ಸುಮ್ಮನಿರುತ್ತಿತ್ತು.

ಆ ಭಾಗದ ಜನಕ್ಕೆ ಡಾಕ್ಟರಿಗಿಂತ, ಕಂಪೌಂಡರು ಕಾಗದದಲ್ಲಿ ಗುಳಿಗೆ ಕಟ್ಟಿಕೊಡುವ ಪುಡಿಕೆಯ ಮೇಲೆ ಹೆಚ್ಚು ನಂಬಿಕೆ. ಅದಕ್ಕೆ ಕಾರಣವಿತ್ತು. ಬರುವವರಲ್ಲಿ ಓದು ಬರದವರೇ ಬಹಳ. ಚೀಟಿಯಲ್ಲಿ ಏನು ಬರೆದರೇನು? ಅದಕ್ಕೇ ಚಾಚಾ ಕಾಗದ ಮಡಿಸುವುದರಲ್ಲಿಯೇ ಎಲ್ಲವನ್ನೂ ಹೇಳುತ್ತಿದ್ದರು. ಮೂರು ಮೂಲೆಯ ಪುಡಿಕೆ ಬೆಳಗಿನದು. ನಾಲ್ಕು ಮೂಲೆಯದು ರಾತ್ರಿಯದು. ಬೀಡಿಯ ಹಾಗೆ ಉದ್ದಕ್ಕೆ ಸುತ್ತಿದ್ದು ಮಧ್ಯಾಹ್ನದ್ದು. ಊಟಕ್ಕೆ ಮುಂಚೆ ತೆಗೆದುಕೊಳ್ಳಬೇಕಿದ್ದರೆ ಒಂದು ಮೂಲೆಯನ್ನು ಚಿವುಟಿರುತ್ತಿದ್ದರು. ಇಷ್ಟೇ ಪಾಠ. ನರೇಗಲ್ಲಿನಿಂದ ಲಕ್ಕಲಕಟ್ಟಿಯವರೆಗೆ ಎಷ್ಟೋ ಮನೆಗಳ ಗೂಡುಗಳಲ್ಲಿ ಆ ಪುಡಿಕೆಗಳಿದ್ದವು, ಎಷ್ಟೋ ಮುದುಕಿಯರು ಕತ್ತಲೆಯಲ್ಲಿಯೂ ಕೈಯಿಂದ ಮುಟ್ಟಿ ನೋಡಿ ತಮ್ಮ ಗುಳಿಗೆ ಯಾವುದೆಂದು ತಿಳಿಯುತ್ತಿದ್ದರು. ಕಾಗದಕ್ಕೆ ಹಳೆಯ ಕ್ಯಾಲೆಂಡರಿನ ಹಾಳೆಗಳು. ವರ್ತಮಾನ ಪತ್ರಿಕೆಯ ಮಸಿ ಗುಳಿಗೆಗೆ ಹತ್ತುತ್ತದೆ ಎಂದು ಅದನ್ನು ಮುಟ್ಟುತ್ತಿರಲಿಲ್ಲ. ವಾರಕ್ಕೊಮ್ಮೆ ಗಂಡ ಹೆಂಡತಿ ಇಬ್ಬರೂ ಮನೆಯಲ್ಲಿ ಕೂತು ಆ ಹಾಳೆಗಳನ್ನು ಚಾಕುವಿನಿಂದ ಸಮನಾಗಿ ಕತ್ತರಿಸುತ್ತಿದ್ದರು.

ಪುಡಿಕೆ ಕಟ್ಟುವ ಮುಂಚೆ ಕೈ ತೊಳೆಯುವರು. ತೊಳೆದ ಕೈಯನ್ನು ಬಟ್ಟೆಗೆ ಒರೆಸುತ್ತಿರಲಿಲ್ಲ, ಎರಡೂ ಕೈ ಎತ್ತಿ ಗಾಳಿಗೆ ಹಿಡಿದು ಒಣಗಿಸುವರು. ಆ ಹೊತ್ತಿನಲ್ಲಿ ಯಾರು ಮಾತಾಡಿಸಿದರೂ ಉತ್ತರವಿಲ್ಲ. ನನಗೋ ಸದಾ ಗಡಿಬಿಡಿ, ಸಂಜೆಯ ಬಸ್ಸು ತಪ್ಪಿದರೆ ಮನೆಗೆ ಹೋಗುವುದು ತ್ರಾಸು. "ಲಗೂ ಮಾಡ್ರಿ ಚಾಚಾ," ಎಂದರೆ, "ನಿನ್ನ ಬಸ್ಸು ಇನ್ನಾ ಸ್ಟ್ಯಾಂಡಿಗೆ ಬಂದಿಲ್ಲ ತಾಯಿ, ನಿಂದರು," ಎನ್ನುತ್ತಿದ್ದರು. ಮಕ್ಕಳಿಗೆ ಕಹಿ ಔಷಧ ಕೊಡುವಾಗ ಮೊದಲು ತಾವೊಂದು ತೊಟ್ಟು ಕುಡಿದು, ಮುಖ ಕಿವುಚದೆ, "ಆಹಾ," ಎಂದು ತೋರಿಸುವರು. ರಂಜಾನಿನಲ್ಲಿ ರೋಜಾ ಇರುತ್ತಿದ್ದುದರಿಂದ ಆ ತಿಂಗಳು ಕುಡಿಯುವ ಕೆಲಸ ನನಗೆ. ನಾನು ಮುಖ ಕಿವುಚುತ್ತಿದ್ದೆ, ಮಕ್ಕಳು ಅಳುತ್ತಿದ್ದವು, ಅವರು ತಲೆ ಅಲ್ಲಾಡಿಸುತ್ತಿದ್ದರು.

ಅವರ ಇನ್ನೊಂದು ವಿದ್ಯೆ ಕೆಮ್ಮು ಕೇಳಿ ಜನರನ್ನು ಗುರುತಿಸುವುದು. ಔಷಧದ ಕೋಣೆಯ ಪರದೆಯ ಒಳಗೆ ಪುಡಿಕೆ ಕಟ್ಟುತ್ತಲೇ, ಹೊರಗೆ ಯಾರೋ ಕೆಮ್ಮಿದರೆ, "ನರೇಗಲ್ಲಿನ ದೊಡ್ಡಪ್ಪ ಬಂದ್ರು, ಕುಂಡ್ರಸು," ಎನ್ನುವರು. ಒಂದು ಸಲವೂ ತಪ್ಪುತ್ತಿರಲಿಲ್ಲ.

ಅವರಿಂದ ನಾನು ಕಲಿತದ್ದು ಬಹಳ. ಒಂದನ್ನು ಮಾತ್ರ ಇಲ್ಲಿ ಹೇಳಬೇಕು. ಒಮ್ಮೆ ಗುಳಿಗೆಯೊಂದರ ಹೆಸರು ಅಳಿಸಿಹೋಗಿತ್ತು. ನಾನು ಬಣ್ಣ ನೋಡಿ, "ಜ್ವರದ್ದಽ ಇರಬೇಕ್ರಿ," ಎಂದೆ. ಅವರು ಇಡೀ ಡಬ್ಬಿಯನ್ನೇ ಚರಂಡಿಗೆ ಸುರಿದರು. "ಔಷಧ ಕೊಡಾಂವ ಊಹಾ ಮಾಡಬಾರ್ದು ಬೇಟಾ. ಇರಬೇಕು, ಇದ್ದೀತು, ಆದೀತು, ಇವು ಮೂರು ಮಾತು ಈ ಪರದೇದ ಆಚೆಗೆ. ಒಳಗ ಗೊತ್ತೈತಿ ಇಲ್ಲಾ ಗೊತ್ತಿಲ್ಲ. ಎರಡಽ." ಅವರಿಗೆ ಗೊತ್ತಿಲ್ಲದ್ದನ್ನು ಯಾರಾದರೂ ಕೇಳಿದರೆ, ಹೊರಗೆ ಕೂತವರಿಗೆಲ್ಲ ಕೇಳುವಂತೆ ಜೋರಾಗಿ, "ನನಗ ಗೊತ್ತಿಲ್ರಿ," ಎನ್ನುತ್ತಿದ್ದರು. ಅದರಲ್ಲಿ ನಾಚಿಕೆಯ ಸುಳಿವೇ ಇರುತ್ತಿರಲಿಲ್ಲ.

ಯಂತ್ರ ಬಂದು ಎರಡು ವರ್ಷವಾಗಿರಬೇಕು. ಊರಿಗೆ ಒಬ್ಬಿಬ್ಬರ ಜೇಬಿನಲ್ಲಿ ಮೊಬೈಲು ಕಾಣಿಸತೊಡಗಿದ್ದ ಕಾಲ. ಒಂದು ದಿನ ಹೊರಗೆ ನರೇಗಲ್ಲಿನ ದೊಡ್ಡಪ್ಪ ಕೆಮ್ಮಿದರು. ನನಗೇ ಗೊತ್ತಾಯಿತು. ಚಾಚಾ ಏನೂ ಹೇಳಲಿಲ್ಲ. ಪುಡಿಕೆ ಕಟ್ಟುವುದನ್ನು ನಿಲ್ಲಿಸಿ, ಪರದೆ ಸರಿಸಿ, ಮುಖ ನೋಡಿದರು. ಆಮೇಲೆ ಕಟ್ಟಿದ ಪುಡಿಕೆಯನ್ನು ಬಿಚ್ಚಿ, ಗುಳಿಗೆ ನೋಡಿ, ಮತ್ತೆ ಕಟ್ಟಿದರು. ಅವರು ಕಟ್ಟಿದ್ದನ್ನು ಬಿಚ್ಚಿದ್ದು ನಾನು ಅದುವರೆಗೆ ನೋಡಿರಲಿಲ್ಲ.

ನಾನು ನೋಡಿದ್ದನ್ನು ಅವರೂ ನೋಡಿದರು. ಅವತ್ತೇ ಸಂಜೆ ತಾವಾಗಿಯೇ ಬಾಯಿಬಿಟ್ಟರು.

"ಬೇಟಾ, ಒಂದೀಟು ದಿನದಿಂದ ಹಿಂಗ ಆಗಾಕತ್ತೈತಿ. ಕಟ್ಟಿದ ಮ್ಯಾಲೆ ಯಾವದು ಹಾಕಿದೆ ಅನ್ನೋದು ಹೋಗಿಬಿಡ್ತೈತಿ. ಮನ್ಯಾಗ ವಯಸ್ಸಾತು ಅಂತಾರ. ಡಾಕ್ಟ್ರು ಕೆಲಸ ಭಾಳ ಆಗೈತಿ ಅಂತಾರ. ಎಲ್ಲಾರೂ ಊಹಾ ಮಾಡಾಕತ್ತಾರ. ನಿನ್ನ ಮಶೀನಿಗೆ ಹಚ್ಚಿ ನೋಡು."

ಮುಂದಿನ ವಾರ ಹುಬ್ಬಳ್ಳಿಯ ಡಾಕ್ಟರು ಬಂದಾಗ ಚಾಚಾ ತಲೆ ತೊಳೆದುಕೊಂಡೇ ಬಂದರು. ಒಣ ಕೂದಲು ಗಾಳಿಗೆ ಎದ್ದು ನಿಂತಿತ್ತು. ಬೈಯಲು ನನಗೆ ಏನೂ ಸಿಗಲಿಲ್ಲ.

ನನ್ನ ಕೆಲಸದ ಒಂದು ಸಂಗತಿ ಇಲ್ಲಿ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಎಚ್ಚರವಾಗಿರುವ ಮನುಷ್ಯ ಸುಮ್ಮನೆ ಕೂತು ಕಣ್ಣು ಮುಚ್ಚಿದರೆ, ತಲೆಯ ಹಿಂಭಾಗದಿಂದ ಒಂದೇ ಸಮನೆಯ ಅಲೆಗಳು ಏಳುತ್ತವೆ. ಕಣ್ಣು ತೆರೆದರೆ ಅಡಗುತ್ತವೆ, ಮುಚ್ಚಿದರೆ ಮತ್ತೆ ಬರುತ್ತವೆ. ಕಾಗದದ ಮೇಲೆ ಸೆಕೆಂಡಿಗೊಂದರಂತೆ ಗೆರೆ ಇರುತ್ತದೆ. ಎರಡು ಗೆರೆಗಳ ನಡುವೆ ಎಷ್ಟು ಅಲೆ ಎಂದು ಎಣಿಸುವುದು. ಚೆನ್ನಾಗಿರುವವರಲ್ಲಿ ಒಂಬತ್ತು, ಹತ್ತು, ಕೆಲವರಲ್ಲಿ ಹನ್ನೊಂದು. ನೆನಪು ಕುಂದತೊಡಗಿದವರಲ್ಲಿ ಎಷ್ಟೋ ಸಲ ಈ ಅಲೆ ನಿಧಾನವಾಗುತ್ತದೆ. ಆದರೆ ನಿಧಾನವೆಂಬುದು ಒಬ್ಬೊಬ್ಬರಿಗೆ ಒಂದೊಂದು. ಮೊದಲಿನಿಂದಲೂ ಎಂಟೇ ಇದ್ದು ಎಂಬತ್ತರಲ್ಲಿಯೂ ಚುರುಕಾಗಿರುವವರಿದ್ದಾರೆ. ಹಾಗಾಗಿ ಆ ಮನುಷ್ಯನ ಹಿಂದಿನ ಕಾಗದ ಕೈಯಲ್ಲಿದ್ದರೆ ಮಾತ್ರ ಹೋಲಿಸಿ ಏನಾದರೂ ಹೇಳಬಹುದು.

ಯಂತ್ರದ ಪೆನ್ನುಗಳು ಕಾಗದದ ಮೇಲೆ ಸರಸರ ಓಡಿದವು. ನಾನು ಎಣಿಸಿದೆ. ಎಂಟು. ಮುಂದಿನ ಹಾಳೆ. ಎಂಟು. ಇನ್ನೊಂದು ಕಡೆ ಏಳೂವರೆ. "ಕಣ್ಣು ತೆರೀರಿ ಚಾಚಾ. ಮುಚ್ಚರಿ." ಮುಚ್ಚಿದ ಮೇಲೆ ಅಲೆ ಬರಲು ತಡವಾಯಿತು. ಎಲ್ಲಿಯಾದರೂ ಒಂಬತ್ತು ಸಿಕ್ಕೀತೆಂದು ಹಾಳೆ ಮೇಲೆ ಹಾಳೆ ಓಡಿಸಿದೆ. ಯಾವ ರೋಗಿಗೂ ಅಷ್ಟು ಕಾಗದ ಖರ್ಚು ಮಾಡಿದವಳಲ್ಲ ನಾನು.

ಹುಬ್ಬಳ್ಳಿಯ ಡಾಕ್ಟರು ಐದು ಪದ ಹೇಳಿ, ಸ್ವಲ್ಪ ಹೊತ್ತು ಬಿಟ್ಟು ಕೇಳಿದರು. ಚಾಚಾ ಮೂರು ಹೇಳಿದರು. ಉಳಿದೆರಡಕ್ಕೆ ಎಂದಿನ ಹಾಗೆ ಜೋರಾಗಿ, "ಗೊತ್ತಿಲ್ರಿ," ಎಂದರು. ಡಾಕ್ಟರು ಕಾಗದ ತಿರುವಿ ಹಾಕಿ, "ಇದನ್ನ ಮರೆವಿನ ಕಾಯಿಲೆ ಅನ್ನೋಕಾಗಲ್ಲ. ವಯಸ್ಸಿನ ಸಾಮಾನ್ಯ ಮರೆವು ಅಂತಾನೂ ಬಿಡೋಕಾಗಲ್ಲ. ಎರಡರ ಮಧ್ಯ ಒಂದು ಹಂತ ಇದೆ. ಕೆಲವರು ಅಲ್ಲೇ ನಿಲ್ತಾರೆ, ಕೆಲವರು ಮುಂದೆ ಹೋಗ್ತಾರೆ. ಅಲೆ ಸ್ವಲ್ಪ ನಿಧಾನ. ಆದರೆ ಇವರದು ಮೊದಲಿಂದ ಹೀಗೇ ಇತ್ತೇನೋ. ಹಳೇದೊಂದು ಇದ್ದಿದ್ದರೆ ಹೋಲಿಸಬಹುದಿತ್ತು. ವರ್ಷ ಬಿಟ್ಟು ನೋಡೋಣ," ಎಂದರು.

ಹಳೆಯದೊಂದು ಇತ್ತು. ಯಂತ್ರ ಬಂದ ದಿನ ಚಾಚಾನ ತಲೆಯಿಂದ ಬರೆಸಿದ ಆ ಕಾಗದಕ್ಕೆ ಹೆಸರಿಲ್ಲ, ನಂಬರಿಲ್ಲ, ಯಾವ ದಾಖಲೆಯಲ್ಲಿಯೂ ಇಲ್ಲ. ಆ ದಿನ ಹುಬ್ಬಳ್ಳಿಯ ಡಾಕ್ಟರು ಇನ್ನೂ ಬಂದಿರಲಿಲ್ಲ, ನಾನು ಯಂತ್ರ ಪರೀಕ್ಷಿಸಿಕೊಂಡದ್ದು ಅಷ್ಟೇ. ಮೊದಲ ಕೆಲಸವೆಂಬ ಪ್ರೀತಿಯಿಂದ ಮಡಿಸಿ ನನ್ನ ಟ್ರಂಕಿನಲ್ಲಿಟ್ಟಿದ್ದೆ. ಅದರಲ್ಲಿ ಗೆರೆಯಿಂದ ಗೆರೆಗೆ ಹತ್ತು ಅಲೆ. ಎಣಿಸಿದ್ದು ನನಗೆ ಚೆನ್ನಾಗಿ ನೆನಪಿತ್ತು.

ನಾನು ಬಾಯಿ ಬಿಡಲಿಲ್ಲ.

ಯಾಕೆ ಎಂದು ಈಗ ನೂರು ಕಾರಣ ಹೇಳಬಹುದು. ಬಾಗಿಲ ಹೊರಗೆ ಅವರ ಹೆಂಡತಿ ನನ್ನ ಕೈ ಹಿಡಿದು, "ಕೆಲಸ ಬಿಡಿಸಬ್ಯಾಡವಾ, ಮನ್ಯಾಗ ಕುಂತರ ಉಳಿಯೂದಿಲ್ಲ ಅವ್ರು," ಎಂದಿದ್ದರು. ನಮ್ಮ ಹಳೆಯ ಡಾಕ್ಟರು, ಚಾಚಾ ಇಲ್ಲದಿದ್ದರೆ ದವಾಖಾನೆ ಮುಚ್ಚುತ್ತೇನೆ ಎನ್ನುತ್ತಿದ್ದರು. ಇವೆಲ್ಲ ನಿಜ. ಆದರೆ ನಿಜವಾದ ಕಾರಣ, ಅವರ ಕೈಯಿಂದ ಕೆಲಸ ಕಿತ್ತವಳು ನಾನು ಆಗಬಾರದು ಎಂಬುದು. ಅದು ಪ್ರೀತಿಯೂ ಹೌದು, ಹೇಡಿತನವೂ ಹೌದು.

ಎಲ್ಲರೂ ಹೋದ ಮೇಲೆ ಚಾಚಾ ಮೆಟ್ಟಿಲ ಮೇಲೆ ನನ್ನನ್ನು ನಿಲ್ಲಿಸಿದರು.

"ಡಾಕ್ಟ್ರ ಮಾತು ಡಾಕ್ಟ್ರದು. ನೀ ಕಣ್ಣಾರೆ ನೋಡೀಯಲ್ಲ, ನೀ ಹೇಳು. ನನ್ನ ಕೈ ಔಷಧಕ್ಕ ನಡೀತೈತೋ, ಇಲ್ಲೋ?"

"ನಡೀತೈತ್ರಿ ಚಾಚಾ. ಏನೂ ಆಗಿಲ್ರಿ ನಿಮಗ."

"ಊಹಾ ಮಾಡಿ ಹೇಳಾಕತ್ತಿಲ್ಲಲ್ಲೊ?"

"ಇಲ್ರಿ."

ಅವರ ಮುಖ ಸಡಿಲವಾಯಿತು. ಟೋಪಿ ಹಾಕಿಕೊಂಡು ಮೆಟ್ಟಿಲಿಳಿದು ಹೋದರು.

ನಾಲ್ಕು ತಿಂಗಳು ಏನೂ ಆಗಲಿಲ್ಲ. ನಾನು ಮಾಡಿದ್ದೇ ಸರಿ ಎಂದುಕೊಳ್ಳತೊಡಗಿದ್ದೆ. ಒಂದು ಬೆಳಿಗ್ಗೆ ರೋಣದ ದವಾಖಾನೆಯ ಮುಂದೆ ಟೆಂಪೋ ನಿಂತಿತು. ಲಕ್ಕಲಕಟ್ಟಿಯ ಹೆಂಗಸೊಬ್ಬರನ್ನು ಎತ್ತಿಕೊಂಡು ಬಂದರು. ಹೊಲದ ಕೂಲಿ ಮಾಡುವಾಕೆ, ನಡುವಯಸ್ಸು ದಾಟಿತ್ತು, ಸಕ್ಕರೆ ಕಾಯಿಲೆಗೂ ಬಿಪಿಗೂ ವರ್ಷಗಳಿಂದ ನಮ್ಮಲ್ಲೇ ಔಷಧ. ನಸುಕಿನಲ್ಲಿ ಎಬ್ಬಿಸಿದರೆ ಏಳಲಿಲ್ಲವಂತೆ, ಮೈಯೆಲ್ಲ ಬೆವರಿ ತಣ್ಣಗಾಗಿತ್ತಂತೆ. ಯಾರೋ ತಿಳಿದವರು ಬೆಲ್ಲದ ನೀರು ತುಟಿಗೆ ಹಚ್ಚಿ ಹಚ್ಚಿ ಜೀವ ಹಿಡಿಸಿದ್ದರು. ನಮ್ಮ ಡಾಕ್ಟರು ಗ್ಲುಕೋಸ್ ಏರಿಸಿದರು. ಗಂಟೆ ಕಳೆದ ಮೇಲೆ ಆಕೆ ಸರಿಯಾಗಿ ಮಾತಾಡಿದಳು. ಚಾಚಾ ಅವಳ ಮಂಚದ ಪಕ್ಕ ನಿಂತಿದ್ದರು.

"ಏನ್ ತಗೊಂಡಿ ಯವ್ವಾ ನಿನ್ನೆ ರಾತ್ರಿ?"

"ನಾಲ್ಕು ಮೂಲೀದು ತಗೊಂಡೆ ಅಣ್ಣಾ. ಊಟ ಸೇರಲಿಲ್ಲ, ಹಂಗಽ ನುಂಗಿ ಮಲಗಿದೆ."

ಅವಳ ಮಗ ಪುಡಿಕೆಗಳನ್ನು ತಂದಿದ್ದ. ಚಾಚಾ ನಾಲ್ಕು ಮೂಲೆಯದನ್ನು ಬಿಚ್ಚಿದರು. ಒಳಗೆ ಬೆಳಿಗ್ಗೆ ತೆಗೆದುಕೊಳ್ಳಬೇಕಾದ ಸಕ್ಕರೆ ಕಾಯಿಲೆಯ ಬಿಳಿ ಗುಳಿಗೆ, ಖಾಲಿ ಹೊಟ್ಟೆಯಲ್ಲಿ ನುಂಗಿದರೆ ರಕ್ತದ ಸಕ್ಕರೆಯನ್ನು ತೀರಾ ಇಳಿಸಿಬಿಡುವಂಥದ್ದು. ಮೂರು ಮೂಲೆಯದನ್ನು ಬಿಚ್ಚಿದರು. ಅದರಲ್ಲಿ ಬಿಪಿಯ ಕೆಂಪು ಗುಳಿಗೆ.

"ರಾತ್ರೀದು ಕೆಂಪ ಇರ್ತಿತ್ತಲ್ಲ ಯವ್ವಾ. ಬಿಳೇದು ನೋಡಿ ನಿನಗ ಸಂಶೇ ಬರಲಿಲ್ಲೇನು?"

"ಬಂತ್ರಿ. ಬಣ್ಣ ಬ್ಯಾರೆ ಐತೆಲ್ಲಾ ಅಂತ ಅನಿಸ್ತು. ಆದ್ರ ಪುಡಿಕಿ ನಾಲ್ಕು ಮೂಲೀದಿತ್ತು. ಅಣ್ಣ ಕಟ್ಟಿದ್ದು ತಪ್ಪಾಗ್ತೈತೇನು, ನನ್ನ ಕಣ್ಣಽ ತಪ್ಪು ಅಂತ ನುಂಗಿದೆ."

ಅವಳು ದೂರುತ್ತ ಹೇಳಿದ್ದಲ್ಲ. ಅದೇ ಕೇಳಲಿಕ್ಕೆ ಆಗದ ಮಾತಾಯಿತು. ಚಾಚಾ ಆ ಎರಡು ಕಾಗದಗಳನ್ನು ಕೈಯಲ್ಲಿ ಹಿಡಿದು ಪರದೆಯ ಒಳಗೆ ಹೋಗಿ ಕೂತರು. ಡಾಕ್ಟರು ಹೋಗಿ, "ಯಾರ ಕೈಯಾಗಾದ್ರೂ ಆಗ್ತೈತಿ, ಮನಸ್ಸಿಗೆ ಹಚ್ಚಿಕೋಬ್ಯಾಡ್ರಿ," ಎಂದರು.

ನಾನು ಹೊಳೆಆಲೂರಿಗೆ ಹೋಗಿ, ಟ್ರಂಕಿನಿಂದ ಆ ಹಳೆಯ ಕಾಗದ ತೆಗೆದುಕೊಂಡು, ಮರುದಿನ ಬೆಳಿಗ್ಗೆ ಅವರ ಮನೆಗೇ ಹೋದೆ. ನಾಲ್ಕು ತಿಂಗಳ ಹಿಂದಿನದನ್ನೂ ಒಯ್ದಿದ್ದೆ. ಎರಡನ್ನೂ ಚಾಪೆಯ ಮೇಲೆ ಹಾಸಿ, ಎಣಿಸುವುದು ಹೇಗೆಂದು ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು, ಬೆರಳ ತುದಿಯಿಂದ ಒಂದೊಂದೇ ಅಲೆ ಮುಟ್ಟುತ್ತ ಎಣಿಸಿದರು.

"ಹತ್ತು." ಇನ್ನೊಂದು ಕಾಗದಕ್ಕೆ ಬಂದರು. "ಎಂಟು." ಮತ್ತೊಮ್ಮೆ ಎಣಿಸಿದರು. "ಎಂಟು."

"ನನಗ ಅವತ್ತಽ ಗೊತ್ತಿತ್ರಿ ಚಾಚಾ," ಎಂದೆ.

ಅವರು ಕನ್ನಡಕ ತೆಗೆದಿಟ್ಟರು. ಒಳಗೆ ಅವರ ಹೆಂಡತಿ ಪಾತ್ರೆ ತೊಳೆಯುತ್ತಿದ್ದ ಸದ್ದು ನಿಂತಿತ್ತು.

"ಆಕಿ ನನ್ನ ನಂಬಿ ನುಂಗಿದ್ಲು. ನಾ ನಿನ್ನ ನಂಬಿ ಕಟ್ಟಿದೆ," ಎಂದರು. ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಕಾಗದಗಳನ್ನು ಅವರೇ ಮಡಿಸಿ ನನ್ನ ಕೈಗೆ ಕೊಟ್ಟು, "ಹುಬ್ಬಳ್ಳಿ ಡಾಕ್ಟ್ರಿಗೆ ತೋರಿಸು. ಮುಚ್ಚಿಡಬ್ಯಾಡ," ಎಂದರು. ಅವತ್ತು ದವಾಖಾನೆಗೆ ಬಂದು, ಕೂತ ಜನರ ಮುಂದೆ ನಿಂತು, "ನನಗ ಮರವು ಬರಾಕತ್ತೈತ್ರಿ. ಇವತ್ತಿನಿಂದ ನನ್ನ ಕೈಲೆ ಔಷಧ ಇಸಗೋಬ್ಯಾಡ್ರಿ," ಎಂದು ಹೇಳಿ, ಔಷಧದ ಕೋಣೆಯ ಕೀಲಿಕೈ ಡಾಕ್ಟರ ಮೇಜಿನ ಮೇಲಿಟ್ಟರು. ಯಾರೂ ಒಪ್ಪಲಿಲ್ಲ. ನರೇಗಲ್ಲಿನ ದೊಡ್ಡಪ್ಪ ಕೆಮ್ಮುತ್ತ ಕೆಮ್ಮುತ್ತ ಜಗಳಕ್ಕೇ ನಿಂತರು. ಅವರು ಕೇಳಲಿಲ್ಲ.

ಕತೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಹೊಸದಾಗಿ ಬಂದ ಕಂಪೌಂಡರು ಎಲ್ಲ ಪುಡಿಕೆಯನ್ನೂ ನಾಲ್ಕು ಮೂಲೆಗೇ ಮಡಿಸಿ, ಮೇಲೆ ಪೆನ್ನಿನಿಂದ ಬರೆದು ಕೊಡುತ್ತಿದ್ದರು. ಎರಡೇ ವಾರದಲ್ಲಿ ಜನ ಬೆಳಗಿನ ಗುಳಿಗೆ ಬಿಟ್ಟು, ಎಲ್ಲವನ್ನೂ ರಾತ್ರಿಯೇ ನುಂಗತೊಡಗಿದರು. ಹೇಳಿ ಕಳಿಸಿದರೂ ಮನೆಗೆ ಹೋದ ಮೇಲೆ ಅವರ ಕೈ ಮೂಲೆಯನ್ನೇ ಎಣಿಸುತ್ತಿತ್ತು. ಇದನ್ನು ಕೇಳಿ ಚಾಚಾ ಕೈಚೀಲ ಹಿಡಿದು ಬಸ್ಸು ಹತ್ತಿದರು.

"ನಾ ಕಲಿಸಿದ್ದು ನಾನಽ ಬಿಡಿಸಬೇಕು. ಯಾರ ಮನೀ ಎಲ್ಲೈತಿ ಅನ್ನೋದು ಇನ್ನಾ ತಲ್ಯಾಗೈತಿ. ಅದು ಹೋಗೂದ್ರೊಳಗ ಮುಗಸಬೇಕು," ಎಂದರು.

ಆ ವರ್ಷದ ಹಿಂಗಾರು ಪೂರ್ತಿ ತಿರುಗಿದರು. ರೋಣದ ಸುತ್ತಿನ ಹಳ್ಳಿಗಳು, ನರಗುಂದದ ಓಣಿಗಳು, ಗಜೇಂದ್ರಗಡದ ಮಗ್ಗದ ಮನೆಗಳು. ಯಂತ್ರವಿಲ್ಲದ ದಿನ ನಾನೂ ಜೊತೆಗೆ ಹೋಗುತ್ತಿದ್ದೆ. ನನ್ನ ತಪ್ಪಿಗೆ ಇಷ್ಟಾದರೂ ಮಾಡಬೇಕೆನಿಸಿತ್ತು. ಪ್ರತಿ ಮನೆಯಲ್ಲೂ ಗೂಡಿನಿಂದ ಪುಡಿಕೆ ತರಿಸಿ ಬಿಚ್ಚುವರು. "ಮೂರು ಮೂಲಿ, ನಾಲ್ಕು ಮೂಲಿ ಎರಡೂ ಮರೀರಿ. ಮ್ಯಾಲೆ ಬರದದ್ದನ್ನ ಸಾಲಿಗೆ ಹೋಗೋರ ಕಡೆ ಓದಿಸ್ರಿ. ಓದಿಸದ ಹೊರತು ನುಂಗಬ್ಯಾಡ್ರಿ," ಎನ್ನುವರು. ಜನರಿಗೆ ಇದು ಹಿಡಿಸಲಿಲ್ಲ. ಕಲಿಸಿದಾಗ ನಕ್ಕು ಕಲಿತವರು, ಬಿಡಿಸುವಾಗ ಮುಖ ಸಣ್ಣದು ಮಾಡಿದರು.

ಲಕ್ಕಲಕಟ್ಟಿಯ ಆ ಹೆಂಗಸಿನ ಮನೆಗೆ ಹೋದ ದಿನ ಅವರು ಹೊಸ್ತಿಲಾಚೆಯೇ ನಿಂತರು. ಆಕೆ ಒಳಗೆ ಕರೆದು, ಜಮಖಾನೆ ಹಾಸಿ, ಚಹಾ ಕೊಟ್ಟಳು. ತನ್ನ ಗುಳಿಗೆಗಳನ್ನು ತಂದು ಅವರ ಮುಂದಿಟ್ಟು, "ನೀವಽ ಕಟ್ಟಿ ಕೊಡ್ರಿ ಅಣ್ಣಾ. ನಮಗ ಬ್ಯಾರೇದವರದು ತಿಳಿಯೂದಿಲ್ಲ," ಎಂದಳು.

ಚಾಚಾ ಆ ಗುಳಿಗೆಗಳನ್ನು ನೋಡಿದರು. ಅವರ ಬೆರಳುಗಳು ಮಡಿಲಲ್ಲಿ ತಾವೇ ತಾವಾಗಿ ಕಾಗದ ಮಡಿಸುವಂತೆ ಆಡಿದವು. "ಆಗೂದಿಲ್ಲ ಯವ್ವಾ," ಎಂದು ಎದ್ದರು.

ಹುಬ್ಬಳ್ಳಿಯ ಡಾಕ್ಟರು ಹೇಳಿದ ಎರಡು ದಾರಿಗಳಲ್ಲಿ ಅವರದು ಮುಂದೆ ಹೋಗುವ ದಾರಿಯೇ ಆಯಿತು. ಬೇಗ ಅಲ್ಲ, ಮೂರ್ನಾಲ್ಕು ವರ್ಷ ಹಿಡಿಯಿತು. ಮೊದಲು ಊರುಗಳ ಹೆಸರು ಹೋದವು, ಆಮೇಲೆ ಮನೆಗಳು. ವರ್ಷಕ್ಕೊಮ್ಮೆ ನಾನೇ ಕಾಗದ ಬರೆಸಿದೆ. ಎಷ್ಟು ಅಲೆ ಬಂದವೆಂದು ಇಲ್ಲಿ ಬರೆಯುವುದಿಲ್ಲ. ಆದರೆ ಕೆಲಸದ ದಿನ ಬಂದರೆ ಚಾಚಾ ಬೆಳಿಗ್ಗೆಯೇ ಎದ್ದು, ಬಟ್ಟೆ ಹಾಕಿಕೊಂಡು, ಹೆಂಡತಿಯ ಕೈ ಹಿಡಿದು ದವಾಖಾನೆಗೆ ಬಂದುಬಿಡುವರು. ಕೈ ತೊಳೆದು, ಗಾಳಿಗೆ ಹಿಡಿದು, ಪರದೆಯ ಕಡೆ ಹೊರಡುವರು. ಕೆಲಸ ಬಿಟ್ಟದ್ದು ಅವರಿಗೆ ನೆನಪಿರಲಿಲ್ಲ. ಪರದೆಯ ಹತ್ತಿರ ಬಂದಾಗ ಮಾತ್ರ ಏನೋ ಅಡ್ಡ ಬಂದಂತಾಗಿ ನಿಲ್ಲುವರು. ನನ್ನನ್ನು ಹುಡುಕುವರು. ನನ್ನ ಹೆಸರು ಮರೆತಿತ್ತು, ಆದರೆ ಕೇಳಬೇಕಾದವಳು ನಾನೆಂದು ಹೇಗೋ ಉಳಿದಿತ್ತು.

"ಬೇಟಾ, ನನ್ನ ಕೈ ಔಷಧಕ್ಕ ನಡೀತೈತೋ, ಇಲ್ಲೋ?"

ಹಿಂದೆ ನಿಂತ ಅವರ ಹೆಂಡತಿ ಕಣ್ಣಲ್ಲೇ ನನ್ನನ್ನು ಬೇಡಿಕೊಳ್ಳುವರು. ನಡೆಯುತ್ತದೆ ಎಂದರೆ ಏನೂ ಕೆಡುತ್ತಿರಲಿಲ್ಲ. ಔಷಧದ ಕೋಣೆಯ ಬಾಗಿಲಿಗೆ ಕೀಲಿ ಇತ್ತು, ಹೊಸ ಕಂಪೌಂಡರಿದ್ದರು, ಮನೆಗೆ ಹೋಗುವುದರೊಳಗೆ ಮರೆತೂ ಬಿಡುತ್ತಿದ್ದರು. ಎಲ್ಲರೂ ಹಾಗೇ ಹೇಳು ಎಂದರು. ಹುಬ್ಬಳ್ಳಿಯ ಡಾಕ್ಟರೂ ಹೇಳಿದರು. ನನಗೆ ಆಗಲಿಲ್ಲ.

"ಇಲ್ರಿ ಚಾಚಾ. ನಡೆಯೂದಿಲ್ರಿ."

ಪ್ರತಿ ಸಲವೂ ಅವರ ಮುಖ ಒಂದೇ ರೀತಿ ಇಳಿಯುತ್ತಿತ್ತು, ಮೊದಲ ಸಲ ಕೇಳಿದವರ ಮುಖ. ಒದ್ದೆ ಕೈಗಳನ್ನು ನಿಧಾನಕ್ಕೆ ಕೆಳಗಿಳಿಸುವರು. ಆಮೇಲೆ ತಲೆ ಎತ್ತಿ, ಹೊರಗೆ ಕೂತವರಿಗೂ ಕೇಳುವಂತೆ, "ಚಲೋ ಆತು, ಖರೇ ಹೇಳಿದಿ. ಇವತ್ತಿಗೆ ಬಿಟ್ಟೆ," ಎನ್ನುವರು.

ತೀರಿಕೊಳ್ಳುವ ಹಿಂದಿನ ವಾರದವರೆಗೂ ಬಂದರು. ಎಷ್ಟು ಸಲ ಎಂದು ನಾನು ಎಣಿಸಲಿಲ್ಲ. ಒಂದೊಂದು ಸಲವೂ ಅವತ್ತೇ ಕೆಲಸ ಬಿಟ್ಟರು. ಇನ್ನೊಂದು ದಿನ ನೋಡೋಣ ಎಂದು ಒಮ್ಮೆಯೂ ಕೇಳಲಿಲ್ಲ.